ಅಲ್ಲಿ ಕೂಗಿದ್ರೆ ಯಾರಿಗೆ ಕೇಳ್ತೈತವ್ವ?

ಮಂಗಳವಾರ ಬೆಳಗಿನ ಜಾವ ಐದೂವರೆಗೆ ಚಿಕ್ಕಮ್ಮನ ಫೋನು. "ರೈಲು ಇಳಿದ್ವಿ ಕಣೆ. ಮುಖ ತೊಳ್ಕಂಡು ಹೊರಡ್ತೀವಿ. ನೀನೇನು ಬರೋದು ಬ್ಯಾಡ, ಆಫೀಸಿಗೆ ಹೋಗು. ನಮ್ ಜೊತಿಗೆ ನಲವತ್ತು ಜನ ಅದೀವಿ."

ಚಿಕ್ಕಮ್ಮ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅಕ್ಷರ ದಾಸೋಹ ನಮ್ಮ ಕಡೆಗೆ ಬಂದ ಕಾಲದಿಂದಲೂ ಅವಳದ್ದೇ ಒಲೆ. ಹಿಂದಿನ ರಾತ್ರಿ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದರು. ಬೇಡಿಕೆ ಎಲ್ಲರಿಗೂ ಗೊತ್ತಿರುವಂಥದ್ದೇ. ಗೌರವಧನ ಹೆಚ್ಚಿಸಿ, ಅರವತ್ತಾದ ಮೇಲೆ ಕೊಡುವ ಇಡುಗಂಟು ಬದುಕಿಗೆ ಆಗುವಷ್ಟಿರಲಿ, ನಮ್ಮನ್ನು ಕೆಲಸಗಾರರು ಅಂತ ಒಪ್ಪಿಕೊಳ್ಳಿ. ದಿನಾ ಬೆಳಗ್ಗೆ ಹೋಗಿ, ಅಕ್ಕಿ ತೊಳೆದು, ಸಾರು ಕುದಿಸಿ, ಮೊಟ್ಟೆ ಬೇಯಿಸಿ ಸುಲಿದು, ದೊಡ್ಡ ಪಾತ್ರೆ ತಿಕ್ಕಿ ಬರುವವಳಿಗೆ ಕೊಡುವ ದುಡ್ಡಿಗೆ ಸಂಬಳ ಅನ್ನುವ ಹೆಸರೂ ಇಲ್ಲ. ಈ ಗೌರವಧನ ಎಂಬ ಮಾತನ್ನು ಯಾರು ಕಂಡುಹಿಡಿದರೋ, ನನಗೆ ಅವರ ಮೇಲೆ ಬಹಳ ಸಿಟ್ಟಿದೆ.

ಬರಬೇಡ ಅಂದರೂ ನಾನು ರಜೆ ಹಾಕಿ ಹೋದೆ. ಅವಳಿಗೆ ಮಂಡಿ ನೋವು. ಮತ್ತೆ, ಅವಳು ಬೆಂಗಳೂರಿಗೆ ಬಂದಿದ್ದೇ ಎರಡು ಸಲ. ಎರಡೂ ಸಲ ಆಸ್ಪತ್ರೆಗೆ.

ರೈಲ್ವೆ ಸ್ಟೇಷನ್ ಹೊರಗೆ ಅವರು ಸಾಲಾಗಿ ನಿಂತಿದ್ದರು. ಮುಂದೆ ಇಬ್ಬರು ಬ್ಯಾನರ್ ಹಿಡಿದಿದ್ದರು. ಒಂದು ಹೆಜ್ಜೆ ಇಟ್ಟಿರಲಿಲ್ಲ, ಪೊಲೀಸರು ಬಂದರು. ಮಹಿಳಾ ಕಾನ್‌ಸ್ಟೆಬಲ್ ಒಬ್ಬಳು, ಇಪ್ಪತ್ತೈದು ವರ್ಷ ಇರಬಹುದು, ಬ್ಯಾನರ್ ಮಡಚಲು ಹೇಳಿದಳು. ಮೆರವಣಿಗೆ ಇಲ್ಲ, ಇಬ್ಬಿಬ್ಬರಾಗಿ ಫುಟ್‌ಪಾತ್ ಮೇಲೆ ನಡೆದು ಹೋಗಿ ಅಂದಳು. ಜೋರು ಮಾಡಲಿಲ್ಲ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಫ್ರೀಡಂ ಪಾರ್ಕ್ ಒಳಗೆ ಹೋಗಿ ಅಮ್ಮ. ಅಲ್ಲಿ ಎಷ್ಟು ಬೇಕಾದ್ರೂ ಕೂಗಿ. ಯಾರೂ ಏನೂ ಅನ್ನಲ್ಲ."

ಚಿಕ್ಕಮ್ಮ ಬ್ಯಾನರಿನ ತುದಿ ಬಿಡಲಿಲ್ಲ. "ಅಲ್ಲಿ ಕೂಗಿದ್ರೆ ಯಾರಿಗೆ ಕೇಳ್ತೈತವ್ವ?"

ಆ ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಹೇಳಲಿಲ್ಲ. ರಸ್ತೆಯ ಕಡೆ ತಿರುಗಿ ಒಂದು ಬಸ್ಸಿಗೆ ಕೈ ಮಾಡಿ ಮುಂದೆ ಕಳಿಸಿದಳು. ಆ ಬಸ್ಸು ನಿಂತೇ ಇರಲಿಲ್ಲ, ಅದರಷ್ಟಕ್ಕೆ ಅದು ಹೋಗುತ್ತಿತ್ತು.

ನಾಲ್ಕು ದಿನದಿಂದ ಆ ಒಂದು ನಿಮಿಷ ನನ್ನ ಕಣ್ಣ ಮುಂದೆಯೇ ಇದೆ. ಆಫೀಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ, ಮಲಗುವಾಗ. ಚಿಕ್ಕಮ್ಮ ವಾದ ಮಾಡಲು ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಊರಿನಲ್ಲಿ ಯಾರನ್ನಾದರೂ ಕೂಗಬೇಕಾದರೆ ಅವರ ಮನೆ ಬಾಗಿಲಿಗೆ ಹೋಗಿ ಕೂಗುತ್ತೇವೆ. ಬೇರೆ ಬೀದಿಗೆ ಹೋಗಿ ಕೂಗು ಅಂದರೆ ಏನರ್ಥ?

ಈ ನಿಯಮ ಹೊಸದೇನಲ್ಲ. 2021ರಲ್ಲಿ ಬೆಂಗಳೂರಿನ ಪ್ರತಿಭಟನೆಗಳಿಗೆಂದೇ ಒಂದು ಆದೇಶ ಬಂತು. ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲಿ. ಅದೇ ವರ್ಷ ಹೈಕೋರ್ಟ್ ಕೂಡ ಟ್ರಾಫಿಕ್ ತೊಂದರೆ ಕಂಡು ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡಿತ್ತು. ತೊಂದರೆ ಸುಳ್ಳಲ್ಲ. ಶೇಷಾದ್ರಿ ರಸ್ತೆ ಕಟ್ಟಿಕೊಂಡರೆ ಮೆಜೆಸ್ಟಿಕ್ಕಿನಿಂದ ಕೆ.ಆರ್. ಸರ್ಕಲ್‌ವರೆಗೆ ಊರೇ ನಿಲ್ಲುತ್ತದೆ. ನಾನೇ ಒಂದು ಸಲ ಅಲ್ಲಿ ಒಂದೂವರೆ ಗಂಟೆ ಸಿಕ್ಕಿಕೊಂಡಿದ್ದೆ, ಹಿಂದೆ ಆಂಬ್ಯುಲೆನ್ಸ್ ಕೂಗುತ್ತಿತ್ತು. ಒಳಗಿದ್ದವರ ಮನೆಯವರನ್ನು ನೆನೆದು ಹೊಟ್ಟೆ ಹಿಂಡಿದಂತಾಗಿತ್ತು. ಸಂವಿಧಾನದ 19ನೇ ವಿಧಿ ಆಯುಧ ಇಲ್ಲದೆ ಶಾಂತವಾಗಿ ಸೇರುವ ಹಕ್ಕು ಕೊಡುತ್ತದೆ, ಅದಕ್ಕೆ ಸರ್ಕಾರ ನ್ಯಾಯವಾದ ಮಿತಿ ಹಾಕಬಹುದು ಅಂತಲೂ ಹೇಳುತ್ತದೆ. ಅದನ್ನೂ ಒಪ್ಪುತ್ತೇನೆ. ಆದರೆ ಮಿತಿ ಅಂದರೆ ಎಷ್ಟು? ನಲವತ್ತು ಹೆಂಗಸರು ಫುಟ್‌ಪಾತ್ ಮೇಲೆ ಬ್ಯಾನರ್ ಬಿಚ್ಚಿ ನಡೆದರೆ ಯಾವ ಆಂಬ್ಯುಲೆನ್ಸ್ ನಿಲ್ಲುತ್ತದೆ?

ಬ್ಯಾನರ್ ಮಡಚಿದರು. ಇಬ್ಬಿಬ್ಬರಾಗಿ ನಡೆದರು. ನೋಡಿದವರಿಗೆ ಯಾವುದೋ ಮದುವೆಗೆ ಹೊರಟವರ ಹಾಗೆ ಕಾಣುತ್ತಿದ್ದರು.

ಫ್ರೀಡಂ ಪಾರ್ಕ್ ಮೊದಲು ಸೆಂಟ್ರಲ್ ಜೈಲು ಆಗಿತ್ತು ಅಂತ ಚಿಕ್ಕಮ್ಮನಿಗೆ ಹೇಳಿದೆ. ಹಳೇ ಕಾವಲು ಗೋಪುರ ತೋರಿಸಿದೆ. ಅವಳು ತಲೆ ಎತ್ತಿ ಬಹಳ ಹೊತ್ತು ನೋಡಿದಳು. "ಜೈಲಾಗೆ ಕೂರ್ಸಿ ಸ್ವಾತಂತ್ರ್ಯ ಅಂತ ಹೆಸ್ರಿಟ್ಟವ್ರಾ?" ಅಂದಳು. ಪಕ್ಕದಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ.

ಮಧ್ಯಾಹ್ನ ಅವರು ಘೋಷಣೆ ಕೂಗುತ್ತಿದ್ದಾಗ ನಾನು ಮರದ ನೆರಳಲ್ಲಿ ಕೂತು ಆ ಜೈಲಿನ ಬಗ್ಗೆಯೇ ಯೋಚಿಸುತ್ತಿದ್ದೆ. 1975ರ ಜೂನ್ 26ರಂದು, ತುರ್ತು ಪರಿಸ್ಥಿತಿಯ ಮಾರನೇ ದಿನವೇ, ಸಂಸತ್ತಿನ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಬಂಧಿಸಿ ಇಟ್ಟದ್ದು ಇದೇ ಜೈಲಿನಲ್ಲಿ. ನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಇಲ್ಲೇ ಇಟ್ಟಿದ್ದರು. ಅವರಿಗೆ ಆಸ್ತಮಾ ಇತ್ತು. ಎಂಟು ತಿಂಗಳು ಒಳಗಿದ್ದು, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದರು. ಬಂದ ಐದೇ ದಿನಕ್ಕೆ ತೀರಿಕೊಂಡರು. ಆ ಐದು ದಿನ ನೆನೆದರೆ ನನಗೆ ಈಗಲೂ ಉಸಿರು ಕಟ್ಟುತ್ತದೆ.

ನಮ್ಮನ್ನು ಯಾಕೆ ಹಿಡಿದಿಟ್ಟಿದ್ದೀರಿ ಅಂತ ಕೇಳಿ ಇಲ್ಲಿದ್ದ ನಾಯಕರು ಹೈಕೋರ್ಟಿಗೆ ಹೋದರು. ದೇಶದ ಬೇರೆ ಬೇರೆ ಕಡೆಯಿಂದಲೂ ಇಂಥ ಅರ್ಜಿಗಳು ಬಂದಿದ್ದವು. ಎಲ್ಲ ಸೇರಿ ಸುಪ್ರೀಂ ಕೋರ್ಟ್ ತಲುಪಿದವು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿ ಇರುವಾಗ ಬಂಧನ ತಪ್ಪು ಅಂತ ಕೇಳಲು ಕೋರ್ಟಿಗೆ ಬರುವಂತಿಲ್ಲ ಅಂದುಬಿಟ್ಟರು. ಆಗಲ್ಲ ಅಂದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಾನೇ ತೆಗೆದುಹಾಕಿದ್ದು 2017ರಲ್ಲಿ. ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ ಕೇಸಿನಲ್ಲಿ. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಲವತ್ತೊಂದು ವರ್ಷ ಬೇಕಾಯಿತು. ಜೈಲಿನಲ್ಲಿ ಕೂಗಿದ್ದು ಕೊನೆಗೂ ಕೇಳಿಸಿತು ಅನ್ನಬೇಕೋ, ಇಷ್ಟು ತಡವಾಗಿ ಕೇಳಿಸಿತಲ್ಲ ಅನ್ನಬೇಕೋ.

ತಡ ಅನ್ನುವುದೇ ನನ್ನನ್ನು ಜಾಸ್ತಿ ಕಾಡುವುದು. 2019ರ ಡಿಸೆಂಬರ್ 19ರಿಂದ 21ರವರೆಗೆ, ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಜನ ಸೇರಬಾರದೆಂದು ಬೆಂಗಳೂರಿನಲ್ಲಿ 144ನೇ ಸೆಕ್ಷನ್ ಹಾಕಿದ್ದರು. ಇತಿಹಾಸಕಾರ ರಾಮಚಂದ್ರ ಗುಹಾ ಟೌನ್ ಹಾಲ್ ಮುಂದೆ ಟಿವಿಯವರ ಜೊತೆ ಮಾತಾಡುತ್ತಿದ್ದಾಗಲೇ ಪೊಲೀಸರು ಕೈ ಹಿಡಿದು ಎಳೆದುಕೊಂಡು ಹೋದರು. ಆ ನಿಷೇಧ ಕಾನೂನಿಗೆ ತಕ್ಕದ್ದಲ್ಲ ಅಂತ ಹೈಕೋರ್ಟ್ ಹೇಳಿತು. ಹೇಳಿದ್ದು 2020ರ ಫೆಬ್ರವರಿ 13ರಂದು. ಅಷ್ಟರಲ್ಲಿ ಮೂರು ದಿನವೂ ಮುಗಿದಿತ್ತು, ಬಂದವರೆಲ್ಲ ಮನೆಗೆ ಹೋಗಿಯಾಗಿತ್ತು. ಹಕ್ಕು ಅಂದರೆ ಆ ದಿನಕ್ಕೆ ಬೇಕಾದದ್ದು. ಎರಡು ತಿಂಗಳಾದ ಮೇಲೆ ಸಿಕ್ಕಿದ್ದನ್ನು ಚಿಕ್ಕಮ್ಮನಂಥವರು ಏನು ಮಾಡಬೇಕು? ಮತ್ತೆ ರೈಲು ಹತ್ತಬೇಕಾ? ಈಗ 144 ಅನ್ನುವ ನಂಬರ್ ಹೋಗಿದೆ. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163. ಅಧಿಕಾರ ಮಾತ್ರ ಅದೇ.

ರಸ್ತೆಯಲ್ಲಿ ಕೂಗಿದರೆ ಬೇಗ ಕೇಳಿಸುತ್ತದೆ ಅನ್ನುವುದಕ್ಕೂ ಇದೇ ಊರು ಸಾಕ್ಷಿ. 2016ರ ಫೆಬ್ರವರಿಯಲ್ಲಿ, ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಿಷನ್ ಬಿಟ್ಟು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಅನುಮತಿ ಇರಲಿಲ್ಲ, ನಾಯಕರೂ ಇರಲಿಲ್ಲ. ಎರಡನೇ ದಿನಕ್ಕೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆ ಗಲಾಟೆಯಲ್ಲಿ ಬಸ್ಸುಗಳು ಸುಟ್ಟವು, ಲಾಠಿ ಏಟೂ ಬಿತ್ತು. ಬಸ್ಸು ಸುಟ್ಟದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಸುಮ್ನೆ ಕೂತವರ ಮಾತಿಗೆ ಬೆಲೆ ಕೊಡದೆ, ಊರು ನಿಂತ ಮೇಲೆ ಮಾತ್ರ ಕಿವಿ ಕೊಟ್ಟರೆ ಜನ ಏನು ಕಲಿಯುತ್ತಾರೆ?

ಫ್ರೀಡಂ ಪಾರ್ಕಿನಲ್ಲಿ ಕೂತು ಗೆದ್ದವರೂ ಇದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಭೂಮಿಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಅವರನ್ನು ಪೊಲೀಸರು ವಶಕ್ಕೆ ತಗೊಂಡರು. ತುರ್ತು ಪರಿಸ್ಥಿತಿಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ ಅದು. ಆಮೇಲೆ ಹೋರಾಟ ಈ ಪಾರ್ಕಿಗೆ ಬಂತು. ಜುಲೈ 15ಕ್ಕೆ ಭೂಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಮುಖ್ಯಮಂತ್ರಿ ಹೇಳಿದರು. ಇದನ್ನು ಚಿಕ್ಕಮ್ಮನಿಗೆ ಹೇಳಿದಾಗ ಅವಳ ಮುಖ ಸ್ವಲ್ಪ ಅರಳಿತು. "ಎಷ್ಟು ದಿನ ಕೂತಿದ್ರಂತೆ?" ಅಂದಳು. ಸಾವಿರ ದಿನಕ್ಕೂ ಮೇಲೆ ಅಂದೆ. ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. "ನಮಗೆ ನಾಳೆ ಒಲೆ ಹಚ್ಬೇಕಲ್ಲ," ಅಂದಳು.

ನಾಲ್ಕು ಗಂಟೆಗೆ ಒಬ್ಬ ಅಧಿಕಾರಿ ಬಂದರು. ಕಾರಿನಿಂದ ಇಳಿದು, ನಿಂತೇ ಮನವಿ ಪತ್ರ ತಗೊಂಡರು. ಮೇಲಿನವರ ಗಮನಕ್ಕೆ ತರುತ್ತೇನೆ ಅಂದರು. ಎರಡು ನಿಮಿಷವೂ ಆಗಿರಲಿಲ್ಲ. ಪತ್ರ ಬಿಚ್ಚಿ ನೋಡಲಿಲ್ಲ. ಒಳ್ಳೆಯವರೇ ಇರಬಹುದು, ಕೆಲಸದ ಒತ್ತಡವೂ ಇರಬಹುದು. ಆದರೂ ಹೇಳುತ್ತೇನೆ, ಒಬ್ಬರ ಹೆಸರಾದರೂ ಕೇಳಬಹುದಿತ್ತು. ಎಲ್ಲಿಂದ ಬಂದಿರಿ, ಊಟ ಆಯ್ತಾ ಅಂತ ಕೇಳಲು ಯಾವ ಆದೇಶ ಬೇಕು?

ಊಟ ಆಯ್ತಾ ಅಂತ ಕೇಳಿದ್ದು ಚಿಕ್ಕಮ್ಮನೇ. ಕೇಳಿದ್ದು ಬೆಳಗಿನ ಆ ಕಾನ್‌ಸ್ಟೆಬಲ್ ಹುಡುಗಿಯನ್ನು. ಅವಳು ಗೇಟಿನ ಹತ್ತಿರ ಬ್ಯಾರಿಕೇಡಿಗೆ ಒರಗಿ ನಿಂತಿದ್ದಳು. ಶೂ ಒಳಗಿಂದ ಒಂದು ಕಾಲು ಅರ್ಧ ಹೊರಗೆ ಎಳೆದುಕೊಂಡಿದ್ದಳು.

"ಇನ್ನೂ ಇಲ್ಲಮ್ಮ. ನೀವು ಹೊರಟ ಮೇಲೆ."

ಚಿಕ್ಕಮ್ಮ ಸೆರಗಿನ ಗಂಟಿನಲ್ಲಿದ್ದ ಎರಡು ಚಕ್ಕುಲಿ ತೆಗೆದು ಅವಳ ಕೈಗಿಟ್ಟಳು. "ನಿಮಗೂ ಕಷ್ಟ ಐತಲ್ಲವ್ವ. ನೀವೂ ಒಂದಿನ ಹಿಂಗೆ ಬಂದು ಕೂತ್ಕಳ್ರಿ."

"ನಮಗೆ ಅದಿಲ್ಲಮ್ಮ," ಅಂದಳು ಹುಡುಗಿ.

ಅವಳು ಹೇಳಿದ್ದು ನಿಜ. ಪೊಲೀಸರು ಸಂಘ ಕಟ್ಟುವ ಹಕ್ಕಿಗೆ ಮಿತಿ ಹಾಕುವ ಕಾಯ್ದೆ 1966ರಿಂದಲೇ ಇದೆ. 2016ರ ಜೂನ್ 4ರಂದು ನಮ್ಮ ರಾಜ್ಯದ ಪೊಲೀಸರು ಸಂಬಳ, ರಜೆಗಾಗಿ ಸಾಮೂಹಿಕ ರಜೆ ಹಾಕಲು ಹೊರಟಿದ್ದರು. ಮುಂದಾಳತ್ವ ವಹಿಸಿದ್ದವರ ಮೇಲೆ ರಾಜದ್ರೋಹದ ಕೇಸು ಬಿತ್ತು. ಪ್ರತಿಭಟನೆ ಅಲ್ಲಿಗೇ ನಿಂತಿತು. ಆ ಹುಡುಗಿ ಆಗ ಹೈಸ್ಕೂಲಿನಲ್ಲಿ ಓದುತ್ತಿದ್ದಿರಬೇಕು, ಚಿಕ್ಕಮ್ಮನಂಥ ಯಾರೋ ಮಾಡಿದ ಬಿಸಿಯೂಟ ಉಂಡಿದ್ದಿರಬೇಕು. ಬ್ಯಾನರ್ ಮಡಚಿ ಅಂದವಳಿಗೆ ಬ್ಯಾನರ್ ಬಿಚ್ಚುವ ಜಾಗವೇ ಇಲ್ಲ. ಬೆಳಗ್ಗೆ ಅವಳ ಮೇಲೆ ನನಗಿದ್ದ ಕೋಪ ಅಲ್ಲಿಗೆ ಇಳಿಯಿತು. ಕೋಪ ಹೋಗಬೇಕಾದ ಕಡೆ ಬೇರೆಯೇ ಇತ್ತು.

ರಾತ್ರಿ ರೈಲು ಹತ್ತಿಸಿ ಬಂದೆ. ಮಾರನೇ ದಿನ ಆಫೀಸಿನಲ್ಲಿ ಒಬ್ಬರು, "ನಿನ್ನೆ ಮತ್ತೆ ಪ್ರತಿಭಟನೆ ಅಂತಲ್ಲ, ಟ್ರಾಫಿಕ್ ಗೊತ್ತಾಗಲೇ ಇಲ್ಲ, ಒಳ್ಳೇದಾಯ್ತು," ಅಂದರು. ಅವರು ಕೆಟ್ಟವರಲ್ಲ. ನಾನು ಏನೂ ಹೇಳಲಿಲ್ಲ. ಆಗ ಹೇಳಬೇಕಿತ್ತು ಅಂತ ಈಗ ಅನಿಸುತ್ತಿದೆ.

ಗುರುವಾರ ಸಂಜೆ ಚಿಕ್ಕಮ್ಮ ಫೋನ್ ಮಾಡಿದಳು. ಗಂಟಲು ಕಟ್ಟಿತ್ತು, ಮಾತು ಅರ್ಧ ಗಾಳಿ. ಶಾಲೆಯಲ್ಲಿ ಒಂದು ಕಾಗದ ಕೊಟ್ಟಿದ್ದಾರಂತೆ. ಮಂಗಳವಾರ ಯಾಕೆ ಬರಲಿಲ್ಲ, ಬರೆದು ಕೊಡಬೇಕಂತೆ. "ನೀನೇ ಬರ್ದು ಕಳ್ಸು, ನಾನು ಕೆಳಗೆ ಸೈನ್ ಹಾಕ್ತೀನಿ."

ನಾನು ಬರೆದು ಫೋನಿನಲ್ಲಿ ಓದಿದೆ. ಅನಾರೋಗ್ಯದ ನಿಮಿತ್ತ ಬರಲಾಗಲಿಲ್ಲ ಅಂತ ಬರೆದಿದ್ದೆ. ಅವಳ ಕೆಲಸ ಉಳಿಯಲಿ ಅಂತ.

ಆ ಕಡೆ ಬಹಳ ಹೊತ್ತು ಸದ್ದಿಲ್ಲ.

"ಅದನ್ನ ಹೊಡೆದಾಕು," ಅಂದಳು ಆಮೇಲೆ. "ನನಗೇನಾಗಿತ್ತು? ಚೆನ್ನಾಗೇ ಇದ್ದೆನಲ್ಲ. ಬೆಂಗ್ಳೂರಿಗೆ ಹೋಗಿದ್ದೆ, ಕೂಗೋಕೆ ಹೋಗಿದ್ದೆ ಅಂತ ಬರಿ."

ಹೊಡೆದು ಹಾಕಿ ಮತ್ತೆ ಬರೆದೆ. ಅವಳು ಎರಡು ಸಲ ಓದಿಸಿದಳು.