ಹೊತ್ತಿಕೊಳ್ಳುವುದು ಬೇರೆ, ಉರಿಯುವುದು ಬೇರೆ

ಮೈಸೂರಿನ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಸುರಕ್ಷತೆಯ ಉಸ್ತುವಾರಿ ನನ್ನದು. ನಮ್ಮ ದಾಸ್ತಾನು ಕೊಠಡಿಗೆ ಬರುವ ಡ್ರಮ್ಮುಗಳ ಮೇಲೆ ಒಮ್ಮೆ ‘ಫ್ಲ್ಯಾಮಬಲ್’ ಎಂದಿರುತ್ತದೆ, ಒಮ್ಮೆ ‘ಕಂಬಸ್ಟಿಬಲ್’ ಎಂದಿರುತ್ತದೆ. ಎರಡಕ್ಕೂ ‘ದಹನಶೀಲ’ ಎಂದು ಅರ್ಥ ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು. ನನ್ನ ಕೆಲಸ ಶುರುವಾಗುವುದೇ ಅಲ್ಲಿಂದ.

ಬತ್ತಿ ಅದ್ದುವ ಸುಗಂಧವನ್ನು ನಾವು ಡಿಇಪಿ ಎಂಬ ದ್ರವದಲ್ಲಿ ಬೆರೆಸುತ್ತೇವೆ. ಅದೂ ಉರಿಯುತ್ತದೆ, ಆದರೆ ನೂರು ಡಿಗ್ರಿ ಸೆಲ್ಸಿಯಸ್‌ಗಿಂತ ಬಹಳ ಮೇಲಕ್ಕೆ ಕಾಯಿಸದೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವುದಿಲ್ಲ. ಪಕ್ಕದಲ್ಲಿರುವ ಎಥನಾಲ್ ಹಾಗಲ್ಲ. ಸುಮಾರು 13 ಡಿಗ್ರಿಗೇ ಅದರ ಆವಿ ಕಿಡಿಗಾಗಿ ಕಾದಿರುತ್ತದೆ. ಮೈಸೂರಿನ ಚಳಿಗಾಲದ ಮಧ್ಯಾಹ್ನವೂ ಅದಕ್ಕೆ ಸಾಕು. ಈ ಉಷ್ಣತೆಯ ಗಡಿಗೆ ಫ್ಲ್ಯಾಷ್ ಪಾಯಿಂಟ್ ಎನ್ನುತ್ತಾರೆ. ಮೊದಲನೆಯದು ಕಂಬಸ್ಟಿಬಲ್, ಎರಡನೆಯದು ಫ್ಲ್ಯಾಮಬಲ್.

ಇನ್ನು ‘ಇನ್‌ಫ್ಲ್ಯಾಮಬಲ್’ ಎಂಬ ತಲೆನೋವು. ಹೊಸದಾಗಿ ಸೇರಿದ ಡಿಪ್ಲೊಮಾ ಹುಡುಗನೊಬ್ಬ, “ಮುಂದೆ ‘ಇನ್’ ಇದೆಯಲ್ಲ ಮೇಡಂ, ಬೆಂಕಿ ಹತ್ತುವುದಿಲ್ಲ ಎಂದಲ್ಲವೇ?” ಎಂದು ಕೇಳಿದ. ಇನ್‌ವಿಸಿಬಲ್ ಎಂದರೆ ಕಾಣದ್ದು ಎಂದು ಕಲಿತವನು ಮತ್ತೆ ಹೇಗೆ ಯೋಚಿಸಬೇಕು? ಇದು ಹೊತ್ತಿಸು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ಪದ. ಫ್ಲ್ಯಾಮಬಲ್ ಎಂದರೂ ಇನ್‌ಫ್ಲ್ಯಾಮಬಲ್ ಎಂದರೂ ಒಂದೇ. ಈ ಗೊಂದಲ ಬೇಡವೆಂದೇ ಅಮೆರಿಕದ ಅಗ್ನಿ ಸುರಕ್ಷತಾ ಸಂಘ 1920ರ ದಶಕದಲ್ಲಿ ‘ಇನ್’ ಕೈಬಿಡಿ ಎಂದು ಒತ್ತಾಯಿಸತೊಡಗಿತು. ಹಳೆಯ ಫಲಕಗಳಲ್ಲಿ ಅದು ಇನ್ನೂ ಉಳಿದಿದೆ. ನಮ್ಮಲ್ಲಿ ನಾನು ಅಳಿಸಿ ಹಾಕಿಸಿದ್ದೇನೆ.

ಆದರೆ ವಿಶೇಷಣವನ್ನೇ ಪೂರ್ತಿ ನಂಬುವಂತೆಯೂ ಇಲ್ಲ. ಒಂದು ದ್ರವದ ಫ್ಲ್ಯಾಷ್ ಪಾಯಿಂಟ್ 50 ಡಿಗ್ರಿ ಎಂದಿಟ್ಟುಕೊಳ್ಳಿ. ಅಮೆರಿಕದ ಆ ಸಂಘವು ಬಹುಕಾಲ 37.8 ಡಿಗ್ರಿಗೆ ಗೆರೆ ಎಳೆದಿತ್ತು. ಆ ಲೆಕ್ಕಕ್ಕೆ ಇದು ಕಂಬಸ್ಟಿಬಲ್. ವಿಶ್ವಸಂಸ್ಥೆಯ ಲೇಬಲ್ ಪದ್ಧತಿಯಲ್ಲಿ 93 ಡಿಗ್ರಿಯವರೆಗಿನ ದ್ರವಗಳೆಲ್ಲ ಫ್ಲ್ಯಾಮಬಲ್. ಡ್ರಮ್ ಅದೇ, ಒಳಗಿನ ದ್ರವ ಅದೇ, ಹಣೆಪಟ್ಟಿ ಮಾತ್ರ ಬೇರೆ. ನಮ್ಮ 2002ರ ಪೆಟ್ರೋಲಿಯಂ ನಿಯಮಗಳು ಈ ಜಗಳಕ್ಕೇ ಇಳಿಯದೆ 23ಕ್ಕಿಂತ ಕಡಿಮೆಯದ್ದು ಎ, ಅಲ್ಲಿಂದ 65ರೊಳಗಿನದು ಬಿ, 93ರೊಳಗಿನದು ಸಿ ಎಂದು ವರ್ಗ ಮಾಡಿವೆ. ನನಗೆ ಇದೇ ಹಿಡಿಸಿದ್ದು.

ಏಪ್ರಿಲ್‌ನಲ್ಲಿ ತಗಡಿನ ಛಾವಣಿಯ ಕೆಳಗೆ ನಿಂತು ನೋಡಿದರೆ ಅಂಕಿಯ ಬೆಲೆ ತಿಳಿಯುತ್ತದೆ. 40 ಡಿಗ್ರಿ ಗಡಿಯ ಥಿನ್ನರನ್ನು ಕಂಬಸ್ಟಿಬಲ್ ಎಂದು ಕರೆದು ನೆಮ್ಮದಿಯಾಗಿರಲು ಆ ಬಿಸಿಲು ಬಿಡುವುದಿಲ್ಲ. ಹಾಗಾಗಿ ಡ್ರಮ್ ಬಂದ ಕೂಡಲೇ ಅದರೊಂದಿಗಿನ ಸುರಕ್ಷತಾ ದತ್ತಾಂಶ ಪತ್ರದ ಒಂಬತ್ತನೆಯ ವಿಭಾಗವನ್ನು ನೋಡಿ, ಫ್ಲ್ಯಾಷ್ ಪಾಯಿಂಟನ್ನು ಕನ್ನಡ ಅಂಕಿಯಲ್ಲಿ ದಪ್ಪಗೆ ಬರೆಸುತ್ತೇನೆ. ಪತ್ರ ಬಾರದಿದ್ದರೆ ಡ್ರಮ್ ಲಾರಿಯಿಂದ ಇಳಿಯುವುದಿಲ್ಲ. ಚಾಲಕರು ಗೊಣಗುತ್ತಾರೆ, ಖರೀದಿ ವಿಭಾಗದವರು ಅವರಿಗಿಂತ ಹೆಚ್ಚು ಗೊಣಗುತ್ತಾರೆ.