ಬಾಲ್ಕನಿಯ ಬೇಟೆಗಾರ

ಹುಲಿ, ಚಿರತೆ ಫೋಟೊ ಅಂತ ಕಾಡು ಸುತ್ತುವುದು ನನ್ನ ಕೆಲಸ. ಈ ವಾರ ಸಫಾರಿ ಇಲ್ಲ. ಸುಮ್ನೆ ಕ್ಯಾಮೆರಾಗೆ ಮ್ಯಾಕ್ರೋ ಲೆನ್ಸ್ (ಸಣ್ಣದನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಹಾಕಿಕೊಂಡು ಬಾಲ್ಕನಿಯ ಕುಂಡದ ಮುಂದೆ ಕೂತೆ. ಎಲೆ ಮೇಲೊಂದು ಜಿಗಿಯುವ ಜೇಡ! ಇದು ಬಲೆ ಹೆಣೆದು ಕಾಯುವ ಜಾತಿಯಲ್ಲ, ಬೆಕ್ಕಿನ ಹಾಗೆ ಹೊಂಚು ಹಾಕಿ ನೆಗೆಯುತ್ತದೆ. ನೆಗೆಯುವ ಮುಂಚೆ ಎಲೆಗೊಂದು ನೂಲು ಅಂಟಿಸುತ್ತದೆ, ಜಾರಿದರೆ ಇರಲಿ ಅಂತ. ಒಟ್ಟು 8 ಕಣ್ಣು. ಎದುರಿನ ದೊಡ್ಡ ಕಣ್ಣೆರಡು ಕಪ್ಪಗಿದ್ದವು, ನೋಡ್ತಾ ನೋಡ್ತಾ ಕಂದು ಬಣ್ಣಕ್ಕೆ ತಿರುಗಿದವು. ಕಣ್ಣು ಅಲ್ಲಾಡುವುದಿಲ್ಲ, ಒಳಗಿನ ರೆಟಿನಾ (ಬೆಳಕು ಹಿಡಿಯುವ ಪದರ) ಆಚೀಚೆ ಸರಿಯುತ್ತದೆ ಅಷ್ಟೇ, ಬಣ್ಣ ಬದಲಾದಂತೆ ಕಾಣುವುದು ಅದಕ್ಕೇ.

ಇಷ್ಟು ಹತ್ತಿರದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಕಿರಿದು ಮಾಡಿದರೂ ಫೋಕಸ್ ಸಿಗುವುದು ಸುಮಾರು 1 ಮಿ.ಮೀ. ಆಳಕ್ಕೆ ಮಾತ್ರ. ಜೋರಾಗಿ ಉಸಿರು ಬಿಟ್ಟರೂ ಫೋಟೊ ಹಾಳು. ಹುಲಿಯೇ ವಾಸಿ! ಇಷ್ಟು ವರ್ಷ ಇದೇ ಕುಂಡ ದಾಟಿಕೊಂಡೇ ಕಾಡಿಗೆ ಹೋಗಿದ್ದು, ಅಲ್ವಾ?

ಬೆಳಗಿನ ಬಿಸಿಲಿಗೆ ನಾಳೆ ಮತ್ತೆ ನೋಡಬೇಕು. ಕುಂಡಕ್ಕೆ ಯಾರೂ ನೀರು ಹಾಕಬೇಡಿ ಅಂತ ಮನೆಯಲ್ಲಿ ಹೇಳಿಟ್ಟಿದ್ದೇನೆ.