ಮಗಳು ಜೈಲಿನಲ್ಲಿದ್ದ ಸಂಜೆ

ಮಗಳಿಗೆ ಆಗ 9 ವರ್ಷ. ಟೈಪ್ 1 ಡಯಾಬಿಟಿಸ್, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದೆ ದಿನಾ ಇಂಜೆಕ್ಷನ್ ಬೇಕಾಗುವ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಒಂದೂವರೆ ವರ್ಷ ಕಳೆದಿತ್ತು. ಎಲ್ಲ ಮಕ್ಕಳ ಹಾಗೆ ಇವಳೂ ದಿನಕ್ಕೆ 60 ನಿಮಿಷವಾದರೂ ಮೈ ಬಗ್ಗಿಸಿ ಆಡಬೇಕು ಅಂತ ಡಾಕ್ಟರು ಹೇಳಿದ್ದರು. ಅವರು ಹೇಳಿದ್ದು ಆಟ. ನನಗೆ ಕೇಳಿಸಿದ್ದು 60 ನಿಮಿಷ ಮಾತ್ರ. ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಸಂಜೆ ಐದಕ್ಕೆ ವಾಕಿಂಗ್, ಅದೂ ನನ್ನ ಕೈ ಹಿಡಿದು.

ಅವಳು ಕಾಲು ಎಳೆದುಕೊಂಡು ಬರುತ್ತಿದ್ದಳು. ಹತ್ತು ಹೆಜ್ಜೆಗೊಮ್ಮೆ, "ಇನ್ನೂ ಎಷ್ಟು ನಿಮಿಷ?" ಒಂದು ದಿನ ಕೇಳಿಯೇಬಿಟ್ಟಳು, "ಅಮ್ಮಾ, ಇದೂ ಇಂಜೆಕ್ಷನ್ ಥರಾನೇ ಅಲ್ವಾ?"

ಅವಳ ಅಪ್ಪ ಹುರುಪು ತುಂಬಲು ಪಾಕಿಸ್ತಾನದ ಬೌಲರ್ ವಾಸಿಂ ಅಕ್ರಂ ಕಥೆ ತೆಗೆದರು. 1997ರಲ್ಲಿ ಡಯಾಬಿಟಿಸ್ ಅಂತ ಗೊತ್ತಾಯಿತಂತೆ, ಆಮೇಲೂ ಆಡುತ್ತಾ 2003ರಲ್ಲಿ ಒಂದು ದಿನದ ಪಂದ್ಯಗಳಲ್ಲಿ 500 ವಿಕೆಟ್ ದಾಟಿದರಂತೆ. ಇವಳು ಪೂರ್ತಿ ಕೇಳಿ, "ಅವರು ಯಾರು?" ಅಂದಳು. ಇವಳು ಹುಟ್ಟುವ ಎಷ್ಟೋ ಮೊದಲೇ ಅವರು ಆಟ ಬಿಟ್ಟಿದ್ದರು. ಕಥೆ ಅಲ್ಲಿಗೇ ನಿಂತಿತು.

ನಿಜ ಹೇಳಬೇಕು. ಅವಳನ್ನು ಆಟದಿಂದ ದೂರ ಇಟ್ಟಿದ್ದೇ ನಾನು. ಆಟದ ಪೀರಿಯಡ್‌ನಲ್ಲಿ ಓಡಿಸಬೇಡಿ ಅಂತ ಸ್ಕೂಲಿಗೆ ಚೀಟಿ ಬರೆದುಕೊಟ್ಟವಳೂ ನಾನೇ. ಓಡುತ್ತಾ ಸಕ್ಕರೆ ಇಳಿದು ಬಿದ್ದುಬಿಟ್ಟರೆ ಅನ್ನೋ ಹೆದರಿಕೆ. ಮನೆಯಲ್ಲಿ ವ್ಯಾಯಾಮ ಮಾಡು ಅನ್ನೋದು, ಸ್ಕೂಲಿನಲ್ಲಿ ಕೂತ್ಕೋ ಅನ್ನೋದು!

ಆ ಭಾನುವಾರ ವಾಕಿಂಗ್‌ಗೆ ಹೊರಟಾಗ ಕೆಳಗೆ ಮಕ್ಕಳು ಕಳ್ಳ ಪೊಲೀಸ್ ಆಡುತ್ತಿದ್ದರು. "ಬರ್ತೀಯಾ?" ಅಂತ ಕರೆದರು. ಇವಳು ನನ್ನ ಮುಖ ನೋಡಿದಳು. ಬೆರಳು ಚುಚ್ಚಿ ಸಕ್ಕರೆ ನೋಡಿದೆ, 148. ಬೇಡ ಅನ್ನೋಕೆ ನೆಪ ಸಿಗಲಿಲ್ಲ. ಗ್ಲೂಕೋಸ್ ಪುಡಿಯ ಪೊಟ್ಟಣ ಅವಳ ಜೇಬಿಗೆ ತುರುಕಿದೆ. "ನೀನು ಇಲ್ಲಿ ನಿಂತ್ಕೋಬೇಡ" ಅಂದಳು. ಸರಿ ಅಂತ ಮೇಲೆ ಬಂದು ಕಿಟಕಿಯ ಪರದೆಯ ಹಿಂದೆ ನಿಂತೆ.

ಇಪ್ಪತ್ತು ನಿಮಿಷ ಆಗಿರಬಹುದು. ನೋಡಿದರೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಾಳೆ, ತಲೆ ಮಂಡಿಗೆ ಇಟ್ಟಿದ್ದಾಳೆ. ಚಪ್ಪಲಿಯೂ ಹಾಕದೆ ಓಡಿದೆ. ತಲೆ ಎತ್ತಿದವಳ ಮುಖದಲ್ಲಿ ಸಿಟ್ಟು. "ಅಮ್ಮಾ, ಹೋಗು! ನಾನು ಜೈಲಲ್ಲಿದ್ದೀನಿ."

ಮಕ್ಕಳೆಲ್ಲ ನಕ್ಕರು. ಬರಿಗಾಲಲ್ಲೇ ವಾಪಸ್ ಮೆಟ್ಟಿಲು ಹತ್ತಿದೆ.

ಸಕ್ಕರೆ ಇಳಿದದ್ದು ಆಮೇಲೆ. ಈ ಸಲ ಅವಳೇ ಆಟ ಬಿಟ್ಟು ಬಂದಳು. "ಕಾಲು ನಡುಗ್ತಿದೆ" ಅಂದಳು. ಹಣೆಯ ಮೇಲೆ ತಣ್ಣನೆ ಬೆವರು. ಮೀಟರ್‌ನಲ್ಲಿ 64. 70ಕ್ಕಿಂತ ಕೆಳಗೆ ಬಂದರೆ ಕಾಯುವ ಹಾಗಿಲ್ಲ. ಅವಳ ತೂಕಕ್ಕೆ ಡಾಕ್ಟರು ಹೇಳಿಕೊಟ್ಟ ಲೆಕ್ಕ 10 ಗ್ರಾಂ ಗ್ಲೂಕೋಸ್. ನೀರಿಗೆ ಕಲಸಿ ಕುಡಿಸಿ ಗಡಿಯಾರ ನೋಡುತ್ತಾ ಕೂತೆ. ಹದಿನೈದು ನಿಮಿಷಕ್ಕೆ 97. ಆಮೇಲೆ ತಿನ್ನಲು ಸ್ವಲ್ಪ ಕೊಟ್ಟೆ. ಉಳಿದ ಹೊತ್ತು ಓಡದೆ, ಕೂತೇ ಆಟಕ್ಕೆ ಸೀಟಿ ಊದಿದಳು.

ತಪ್ಪು ಎಲ್ಲಿ ಆಯಿತು ಅಂತ ಯೋಚಿಸಿದಾಗ ನೆನಪಾಯಿತು. ಆಟಕ್ಕೆ ಒಂದೂವರೆ ಗಂಟೆ ಮೊದಲು ಊಟದ ಇನ್ಸುಲಿನ್ ತೊಡೆಗೆ ಚುಚ್ಚಿದ್ದೆ. ಓಡುವಾಗ ತೊಡೆಗೆ ರಕ್ತ ಜಾಸ್ತಿ ಹರಿಯುತ್ತದೆ, ಇನ್ಸುಲಿನ್ ಬೇಗ ಒಳಗೆ ಸೇರುತ್ತದೆ. ಜೊತೆಗೆ ಕೆಲಸ ಮಾಡುವ ಸ್ನಾಯು ತಾನೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಸೇರಿಕೊಂಡಿತ್ತು. ತಪ್ಪು ಆಟದ್ದಲ್ಲ, ನನ್ನ ಲೆಕ್ಕದ್ದು.

ಆಟದ ಪರಿಣಾಮ ರಾತ್ರಿಯವರೆಗೂ ಉಳಿಯುತ್ತದೆ ಅನ್ನೋದು ಓದಿ ಗೊತ್ತಿತ್ತು. ಎರಡು ಗಂಟೆಗೆ ಅಲಾರಂ ಇಟ್ಟು ಎದ್ದೆ. 92. ಇವಳು ಕಣ್ಣು ಬಿಡದೆಯೇ ಬೆರಳು ಚಾಚಿದಳು.

ಮರುದಿನ ಡಾಕ್ಟರಿಗೆ ಫೋನ್ ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಜೋರಾಗಿ ಆಡುವ ದಿನ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು, ಆಟದ ಮೊದಲು ಎಷ್ಟು ತಿನ್ನಿಸಬೇಕು ಅಂತ ನಿಧಾನವಾಗಿ ಬರೆಸಿದರು. ಸಕ್ಕರೆ ತುಂಬಾ ಏರಿ ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ) ಕಾಣಿಸಿದ ದಿನ ಮಾತ್ರ ಆಟ ಬೇಡ ಅಂದರು. ಓಟದ ಸ್ಪರ್ಧೆಯಂಥ ದಿನ ಉದ್ವೇಗಕ್ಕೆ ಮೈಯಲ್ಲಿ ಉಕ್ಕುವ ಅಡ್ರಿನಲಿನ್‌ನಿಂದ ಸಕ್ಕರೆ ಇಳಿಯುವ ಬದಲು ಏರಬಹುದು, ಗಾಬರಿಯಾಗಬೇಡಿ ಅಂತಲೂ ಹೇಳಿದರು. ಇದು ನನಗೆ ಹೊಸದು.

ಸ್ಕೂಲಿನ ಚೀಟಿ ವಾಪಸ್ ತಗೊಂಡೆ. ಅದರ ಬದಲು ಕೈಕಾಲು ನಡುಗಿದರೆ ಏನು ಕೊಡಬೇಕು ಅಂತ ಅರ್ಧ ಹಾಳೆ ಬರೆದುಕೊಟ್ಟೆ. ಗೋಡೆಯ ಟೈಮ್‌ಟೇಬಲ್ ಕೀಳೋಕೆ ಹೋದರೆ ಆಗಲೇ ಇರಲಿಲ್ಲ. ಅದರ ಹಿಂಭಾಗದಲ್ಲಿ ಕಳ್ಳರು ಯಾರು, ಪೊಲೀಸರು ಯಾರು ಅಂತ ಪಟ್ಟಿ ಬರೆದುಕೊಂಡಿದ್ದಳು.

ಈಗ ಜೇಬಿಲ್ಲದ ಬಟ್ಟೆ ಅವಳು ಹಾಕಲ್ಲ. ಒಗೆಯೋಕೆ ಹಾಕುವ ಮೊದಲು ಜೇಬು ನೋಡೋದು ನನಗೆ ಮರೆತೇ ಹೋಗುತ್ತದೆ. ಕಳೆದ ವಾರ ಒಂದು ಪೊಟ್ಟಣ ಒಳಗೇ ಒಡೆದು ಇಡೀ ವಾಷಿಂಗ್ ಮೆಷಿನ್ ಬಟ್ಟೆ ಅಂಟು ಅಂಟು.